ಅರ್ಬನ್ ಡಿಸೈನಾ, ಲ್ಯಾಂಡ್‌ಸ್ಕೇಪಾ, ಪ್ಲಾನಿಂಗಾ? ದುರ್ಗ, ದಾವಣಗೆರೆಯವರಿಗೆ ಒಂದು ಹೋಲಿಕೆ

ಈ ತಿಂಗಳು ಒಂದೇ ಪ್ರಶ್ನೆಯನ್ನು ಮೂರು ಜನ ಮೂರು ಥರ ಕೇಳಿದರು. ಹೊಳಲ್ಕೆರೆ ಕಡೆಯ ಹುಡುಗಿ, ಬಿ.ಆರ್ಕ್ (ಆರ್ಕಿಟೆಕ್ಚರ್ ಡಿಗ್ರಿ) ಕೊನೆಯ ವರ್ಷ: "ಅಕ್ಕಾ, ಅರ್ಬನ್ ಡಿಸೈನ್ ಮಾಡ್ಲಾ, ಲ್ಯಾಂಡ್‌ಸ್ಕೇಪ್ ಮಾಡ್ಲಾ?" ದಾವಣಗೆರೆಯಲ್ಲಿ ಸಿವಿಲ್ ಮುಗಿಸಿ ಎರಡು ವರ್ಷ ಕಂಟ್ರಾಕ್ಟರ್ ಹತ್ತಿರ ದುಡಿದು ಬೇಸತ್ತ ಹುಡುಗ: "ನಂಗೂ ಸೀಟ್ ಸಿಗುತ್ತಾ ಅಕ್ಕಾ?" ಇನ್ನೊಬ್ಬರು ಮಂಡಿಪೇಟೆಯ ಅಂಗಡಿ ಯಜಮಾನರು, ಮಗಳ ಪರವಾಗಿ ಬಂದಿದ್ದರು: "ಅಲ್ಲಮ್ಮಾ, ಗಿಡ ನೆಡೋದು ಕಲಿಯೋಕೆ ಎರಡು ವರ್ಷ ಬೇಕಾ? ಅದಕ್ಕೆ ಲಕ್ಷಗಟ್ಟಲೆ ಫೀಸಾ?"

ಮೂವರಿಗೂ ಫೋನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸ್ವಲ್ಪ ನೆಟ್ಟಗೆ ಬರೆಯುತ್ತೇನೆ. ಮೂರೂ ಡಿಗ್ರಿ ಆದ ಮೇಲಿನ ಎರಡು ವರ್ಷದ ಕೋರ್ಸುಗಳು: ಅರ್ಬನ್ ಡಿಸೈನ್ ಅಂದರೆ ಬೀದಿ, ಪೇಟೆಗಳ ವಿನ್ಯಾಸ, ಲ್ಯಾಂಡ್‌ಸ್ಕೇಪ್ ಅಂದರೆ ನೆಲ, ನೀರು, ಗಿಡಮರದ ವಿನ್ಯಾಸ, ಪ್ಲಾನಿಂಗ್ ಅಂದರೆ ಇಡೀ ಊರಿನ ಯೋಜನೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಓದಿದ್ದು ಲ್ಯಾಂಡ್‌ಸ್ಕೇಪ್. ತಕ್ಕಡಿ ಆ ಕಡೆ ಸ್ವಲ್ಪ ವಾಲಿದರೆ ನೀವೇ ಸರಿ ಮಾಡಿಕೊಳ್ಳಿ.

ಮೊದಲು ಅಳತೆಗೋಲು

ಎಲ್ಲರೂ ಮೊದಲು ಕೇಳೋದು ಕಾಲೇಜಿನ ಹೆಸರು ಮತ್ತು ಸಂಬಳ. ನಾನು ಇವೆರಡನ್ನೂ ಹಿಂದಕ್ಕೆ ತಳ್ಳುತ್ತೇನೆ. ರಾತ್ರಿ ಹನ್ನೊಂದು ಗಂಟೆಗೆ ಸ್ಟುಡಿಯೊ ಟೇಬಲ್ ಮುಂದೆ ಕೂತು ನೀವು ಯಾವ ಥರದ ಕೆಲಸ ಮಾಡ್ತಿರ್ತೀರಿ ಅನ್ನೋದು ನನ್ನ ಮೊದಲ ಪ್ರಶ್ನೆ. ನಿಮ್ಮ ಡಿಗ್ರಿಗೆ ಅಲ್ಲಿ ಬಾಗಿಲು ತೆರೆಯುತ್ತಾ ಅನ್ನೋದು ಎರಡನೆಯದು. ಆಮೇಲೆ ದುಡ್ಡು: ಫೀಸು, ಜೊತೆಗೆ ಫೀಸಿನ ರಸೀದಿಯಲ್ಲಿ ಕಾಣದ ಖರ್ಚು. ಮುಗಿಸಿ ನಮ್ಮೂರಿಗೆ ವಾಪಸ್ ಬಂದರೆ ಹೊಟ್ಟೆಪಾಡು ನಡೆಯುತ್ತಾ ಅನ್ನೋದು ನಾಲ್ಕನೆಯದು. ಕೊನೆಯದನ್ನು ಯಾರೂ ಕೇಳೋದೇ ಇಲ್ಲ: ಹಾಳೆ ಮೇಲೆ ಎಳೆದ ಗೆರೆ ನೆಲದ ಮೇಲೆ ಕಾಣೋಕೆ ಎಷ್ಟು ವರ್ಷ ಕಾಯಬೇಕು? ತಾಳ್ಮೆ ಕಮ್ಮಿ ಇರೋರಿಗೆ ಇದು ಸಣ್ಣ ವಿಷಯ ಅಲ್ಲ.

ಮೊದಲನೆಯದಕ್ಕೆ ಯಾಕಿಷ್ಟು ತೂಕ ಅಂದರೆ, ಈ ಎರಡು ವರ್ಷದ ಕೋರ್ಸುಗಳಲ್ಲಿ ದೊಡ್ಡ ಪಾಲು ಸ್ಟುಡಿಯೊದ್ದೇ. ನೋಟ್ಸ್ ಬಾಯಿಪಾಠ ಮಾಡಿ ಪಾಸಾಗೋ ಲೆಕ್ಕ ನಡೆಯಲ್ಲ. ಒಂದು ಜಾಗ ಕೊಡ್ತಾರೆ. ಹೋಗಿ ಅಳೀಬೇಕು, ಅಲ್ಲಿನ ಜನರನ್ನು ಮಾತಾಡಿಸಬೇಕು, ನಕ್ಷೆ ಮಾಡಬೇಕು, ಅಲ್ಲಿರೋ ನಿಜವಾದ ತೊಂದರೆ ಏನು ಅಂತ ನೀವೇ ಕಂಡುಕೊಳ್ಳಬೇಕು, ಅದಕ್ಕೊಂದು ದಾರಿ ತೋರಿಸಿ ಹಾಳೆಗಳನ್ನು ಗೋಡೆಗೆ ಚುಚ್ಚಿ ಜ್ಯೂರಿ ಮುಂದೆ, ಅಂದರೆ ಕೆಲಸ ನೋಡಿ ಪ್ರಶ್ನೆ ಕೇಳೋ ಹಿರಿಯರ ಮುಂದೆ, ನಿಲ್ಲಬೇಕು. ಮೂರೂ ಕೋರ್ಸಲ್ಲಿ ಇದು ಒಂದೇ. ಆದರೆ ಆ ಜಾಗಕ್ಕೆ ಹಾಕೋ ಪ್ರಶ್ನೆ ಬೇರೆ ಬೇರೆ.

ಒಂದೇ ಹೊಂಡ, ಮೂರು ಸ್ಟುಡಿಯೊ

ದುರ್ಗದ ಸಂತೆ ಹೊಂಡ ನೋಡಿದ್ದೀರಲ್ವಾ? ಅದನ್ನೇ ಜಾಗ ಅಂತ ಇಟ್ಟುಕೊಳ್ಳಿ.

ಅರ್ಬನ್ ಡಿಸೈನ್ ಸ್ಟುಡಿಯೊದವರು ಬಂದರೆ ನೀರಿಗೆ ಬೆನ್ನು ಹಾಕಿ ಮೊದಲು ಸುತ್ತಲಿನ ಅಂಚು ನೋಡ್ತಾರೆ. ರಸ್ತೆ ಎಷ್ಟಗಲ, ಅಂಗಡಿ ಬಾಗಿಲು ಯಾವ ಕಡೆಗಿದೆ, ತಳ್ಳುಗಾಡಿ ಎಲ್ಲಿ ನಿಲ್ಲುತ್ತೆ, ಆಟೋ ಎಲ್ಲಿ ಅಡ್ಡ ಬರುತ್ತೆ, ಕೋಟೆ ನೋಡೋಕೆ ಬಂದವರು ಪೇಟೆಗೆ ಕಾಲಿಡದೆ ಹಾಗೇ ವಾಪಸ್ ಯಾಕೆ ಹೋಗ್ತಾರೆ. 1748ರಲ್ಲಿ ನೊಲ್ಲಿ ಎಂಬಾತ ರೋಮ್ ನಗರದ ನಕ್ಷೆ ಮಾಡಿದ. ಕಟ್ಟಡ ಎಲ್ಲಾ ಕಪ್ಪು, ಜನ ಓಡಾಡೋ ಜಾಗ ಎಲ್ಲಾ ಬಿಳಿ, ಚರ್ಚಿನ ಒಳಗೂ ಬಿಳಿ, ಯಾಕೆಂದರೆ ಅಲ್ಲಿಗೂ ಯಾರು ಬೇಕಾದರೂ ಹೋಗಬಹುದಿತ್ತು. ಇವತ್ತಿಗೂ ಸ್ಟುಡಿಯೊಗಳಲ್ಲಿ ಆ ಥರದ ನಕ್ಷೆ ಮಾಡಿಸ್ತಾರೆ. ದಾವಣಗೆರೆ ಚೌಕಿಪೇಟೆಗೆ ಒಂದು ಸಲ ಮಾಡಿ ನೋಡಿ: ದೇವಸ್ಥಾನದ ಅಂಗಳ ಬಿಳಿ ಸರಿ, ಅಂಗಡಿ ಮುಂದಿನ ಕಟ್ಟೆ? ಅಲ್ಲೇ ಕೂತು ಅರ್ಧ ದಿನ ಜಗಳ ಆಡಬಹುದು. ಆ ಜಗಳ ನಿಮಗೆ ಮಜಾ ಅನ್ನಿಸಿದರೆ ಈ ಕೋರ್ಸು ನಿಮ್ಮದು.

ಕೆವಿನ್ ಲಿಂಚ್ ಅಂತ ಇನ್ನೊಬ್ಬರು, ಅಮೆರಿಕದ ನಗರ ಯೋಜನಾ ತಜ್ಞರು. ಊರು ಜನರ ತಲೆಯೊಳಗೆ ಐದು ಸಂಗತಿಗಳಾಗಿ ಕೂತಿರುತ್ತೆ ಅಂತ 1960ರಲ್ಲಿ ಹೇಳಿದರು: ದಾರಿ, ಅಂಚು, ಬಡಾವಣೆ, ಜನ ಸೇರೋ ಜಾಗ, ಗುರುತು. ನಾವು "ಗುಂಡಿ ಸರ್ಕಲ್ ದಾಟಿ, ರಾಮ್ ಅಂಡ್ ಕೋ ಸರ್ಕಲ್ ಹತ್ರ ಇಳ್ಕೊಳ್ಳಿ" ಅಂತೀವಲ್ಲ, ಅದೇ. ದಾವಣಗೆರೆಯ ಅಂಚು ಯಾವುದು ಅಂತ ಕೇಳಿದರೆ ಅಶೋಕ ಟಾಕೀಸ್ ಗೇಟಲ್ಲಿ ರೈಲಿಗೆ ಕಾದವರು ಯಾರಾದರೂ ರೈಲು ಹಳಿ ಅಂತ ಥಟ್ಟಂತ ಹೇಳ್ತಾರೆ.

ಈಗ ಅದೇ ಹೊಂಡಕ್ಕೆ ಲ್ಯಾಂಡ್‌ಸ್ಕೇಪ್ ಸ್ಟುಡಿಯೊ ಬರಲಿ. ಇವರ ಮೊದಲ ಪ್ರಶ್ನೆ: ಈ ನೀರು ಎಲ್ಲಿಂದ ಬಂತು? ಇದನ್ನು ನಾನು ನಾಚಿಕೆಪಟ್ಟು ಕಲಿತೆ. ನನ್ನ ಮೊದಲ ಸೆಮಿಸ್ಟರಿನ ಜ್ಯೂರಿ, ಒಂದು ಕೆರೆ ಕೊಟ್ಟಿದ್ದರು. ಸುತ್ತ ವಾಕಿಂಗ್ ಟ್ರ್ಯಾಕು, ಕಲ್ಲು ಬೆಂಚು, ಮಕ್ಕಳ ಜಾರುಬಂಡೆ, ಸಾಲಾಗಿ ಗುಲ್‌ಮೊಹರ್, ಚೆಂದದ ಬಣ್ಣ ಹಾಕಿ ಆರು ಹಾಳೆ ಅಂಟಿಸಿದ್ದೆ. ಬಂದಿದ್ದ ಹಿರಿಯರು ಒಂದೇ ಮಾತು ಕೇಳಿದರು, "ಕೋಡಿ ಎಲ್ಲಿದೆ ಮಗೂ?" ನನ್ನ ನಕ್ಷೆಯಲ್ಲಿ ಕೋಡಿ, ಅಂದರೆ ಕೆರೆ ತುಂಬಿದಾಗ ನೀರು ಹೊರಗೆ ಹರಿಯೋ ದಾರಿ, ಇರಬೇಕಾದ ಕಡೆ ಪಾರ್ಕಿಂಗ್ ಇತ್ತು. ಕೆರೆ ಬಯಲಲ್ಲಿ ಬೆಳೆದವಳು ನಾನು, ಏರಿ, ತೂಬು, ಕೋಡಿ ಎಲ್ಲಾ ಗೊತ್ತಿತ್ತು, ಆದರೆ ಡ್ರಾಯಿಂಗ್ ಮಾಡೋವಾಗ ನೆನಪಾಗಿದ್ದು ಬೇರೆ ಊರಿನ ಪಾರ್ಕು.

ದುರ್ಗದ ಕೋಟೆ ಈ ಪ್ರಶ್ನೆಗೆ ಹೇಳಿ ಮಾಡಿಸಿದ ಪಾಠ. ಬಂಡೆ ಮೇಲೆ ಬಿದ್ದ ಮಳೆ ನೀರು ಗೋಪಾಲಸ್ವಾಮಿ ಹೊಂಡಕ್ಕೆ, ಅಲ್ಲಿ ತುಂಬಿ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಮಳೆ ಕಮ್ಮಿ ಇರೋ ಸೀಮೆಯಲ್ಲಿ ಒಂದು ಹನಿಯನ್ನು ನಾಲ್ಕು ಸಲ ನಿಲ್ಲಿಸಿ ಕಳಿಸೋ ಲೆಕ್ಕ ಅದು. ಲ್ಯಾಂಡ್‌ಸ್ಕೇಪ್ ವಿದ್ಯಾರ್ಥಿ ಈ ಸರಪಣಿಯ ಒಂದೊಂದು ಕೊಂಡಿಗೂ ಲೆವೆಲ್ ಹಾಕ್ತಾನೆ. ಮೇಲಿಂದ ಕೆಳಗಿನವರೆಗೆ ಸೆಕ್ಷನ್ (ನೆಲವನ್ನು ಸೀಳಿದ ಹಾಗೆ ತೋರಿಸೋ ಚಿತ್ರ) ಬರೀತಾನೆ, ಹೂಳು ಎಲ್ಲಿ ನಿಲ್ಲುತ್ತೆ, ಚರಂಡಿ ಎಲ್ಲಿ ಬಂದು ಸೇರುತ್ತೆ, ಮೆಟ್ಟಿಲ ಸಂದಿಯ ಬೇರು ಕಲ್ಲನ್ನು ಹಿಡಿದಿದೆಯಾ ಒಡೀತಾ ಇದೆಯಾ ಅಂತ ನೋಡ್ತಾನೆ. ಮಣ್ಣು, ಇಳಿಜಾರು, ನೀರು, ಗಿಡಮರ, ಒಂದೊಂದಕ್ಕೂ ಒಂದು ನಕ್ಷೆ ಮಾಡಿ ಒಂದರ ಮೇಲೊಂದು ಇಟ್ಟು ನೋಡೋ ಪದ್ಧತಿಯನ್ನು 1960ರ ದಶಕದಲ್ಲಿ ಇಯಾನ್ ಮ್ಯಾಕ್‌ಹಾರ್ಗ್ ಎಂಬ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಹೆಸರುವಾಸಿ ಮಾಡಿದರು. ಆಗ ಪಾರದರ್ಶಕ ಹಾಳೆ, ಈಗ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್. ಅದು ಪೂರ್ತಿ ಉಚಿತ, ಇವತ್ತೇ ಹಾಕಿಕೊಳ್ಳಿ.

ಮಂಡಿಪೇಟೆ ಯಜಮಾನರೇ, ಗಿಡದ ವಿಷಯಕ್ಕೆ ಬಂದೆ. ಗಿಡ ನೆಡೋಕೆ ಎರಡು ವರ್ಷ ಬೇಡ, ಎರಡು ನಿಮಿಷ ಸಾಕು. ಎಲ್ಲಿ ನೆಡಬಾರದು ಅಂತ ತಿಳಿಯೋಕೆ ಟೈಮ್ ಬೇಕು. ದುರ್ಗದ ಬಿಸಿಲಿಗೆ ಹುಲ್ಲುಹಾಸು ಹಾಸಿ ಅದಕ್ಕೆ ಟ್ಯಾಂಕರ್ ನೀರು ಹೊಡೆಸೋ ಡಿಸೈನ್ ಯಾರು ಬೇಕಾದರೂ ಮಾಡ್ತಾರೆ. ಹೊಂಗೆ, ಬೇವು, ಹುಣಸೆ ಇಟ್ಟು, ಮೂರು ವರ್ಷ ಆದ ಮೇಲೆ ಕೈಬಿಟ್ಟರೂ ಬದುಕೋ ಹಾಗೆ ಮಾಡೋದು ಬೇರೆ ಕೆಲಸ.

ಪ್ಲಾನಿಂಗ್ ಸ್ಟುಡಿಯೊದವರಿಗೆ ಹೊಂಡ ಒಂದು ಚುಕ್ಕೆ. ಅವರು ಇಡೀ ದುರ್ಗವನ್ನು ಟೇಬಲ್ ಮೇಲೆ ಹರಡ್ತಾರೆ. ಊರು ಯಾವ ದಿಕ್ಕಿಗೆ ಬೆಳೀತಿದೆ, ಹೊಂಡಕ್ಕೆ ನೀರು ಬರೋ ಜಾಗ ಮಾಸ್ಟರ್ ಪ್ಲಾನ್‌ನಲ್ಲಿ ಹಳದಿಯಾ ಹಸಿರಾ, ಅಂದರೆ ಅಲ್ಲಿ ಮನೆ ಕಟ್ಟಬಹುದಾ ಬಾರದಾ, ಒಳಚರಂಡಿ ಎಷ್ಟು ಜನಕ್ಕೆ ಸಾಕು, ದುಡ್ಡು ಯಾವ ಯೋಜನೆಯಿಂದ ಬರುತ್ತೆ, ಇದಕ್ಕೆಲ್ಲಾ ಆಧಾರವಾದ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಏನು ಹೇಳುತ್ತೆ. ಡ್ರಾಯಿಂಗ್ ಕಮ್ಮಿ, ಎಕ್ಸೆಲ್ ಜಾಸ್ತಿ, ವರದಿ ಇನ್ನೂ ಜಾಸ್ತಿ. ಇಲ್ಲಿ ಗುಂಪಿನ ಕೆಲಸವೇ ಹೆಚ್ಚು: ಹತ್ತಾರು ಜನ ಒಂದು ಊರಿಗೆ ಹೋಗಿ ಮನೆ ಮನೆ ಸರ್ವೆ ಮಾಡಿ ಬರ್ತಾರೆ. ಒಬ್ಬರೇ ಕೂತು ಕೆಲಸ ಮಾಡೋ ಸ್ವಭಾವದವರಿಗೆ ಇದು ಹಿಂಸೆ, ನಿಜವಾಗಲೂ.

ಯಾರಿಗೆ ಯಾವ ಬಾಗಿಲು

ಎಂ.ಆರ್ಕ್ ಅರ್ಬನ್ ಡಿಸೈನ್, ಎಂ.ಆರ್ಕ್ ಲ್ಯಾಂಡ್‌ಸ್ಕೇಪ್ ಎರಡಕ್ಕೂ ಬಹುತೇಕ ಕಡೆ ಐದು ವರ್ಷದ ಬಿ.ಆರ್ಕ್ ಬೇಕು. ಪ್ಲಾನಿಂಗಿನ ಸ್ನಾತಕೋತ್ತರ ಡಿಗ್ರಿ ಎಂ.ಪ್ಲಾನ್, ಅದರ ಬಾಗಿಲು ಅಗಲ. ಆರ್ಕಿಟೆಕ್ಟ್ ಜೊತೆಗೆ ಸಿವಿಲ್ ಎಂಜಿನಿಯರ್‌ಗಳು, ಬಿ.ಪ್ಲಾನ್ ಮಾಡಿದವರು ಹೋಗಬಹುದು. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಲ್ಲಿ ಎಂ.ಎ ಮಾಡಿದವರನ್ನೂ ಹಲವು ಕಡೆ ತಗೋತಾರೆ. ಸಿವಿಲ್ ಹುಡುಗನಿಗೆ ನಾನು ಹೇಳಿದ್ದು ಇದೇ: ನಿನ್ನ ದಾರಿ ಪ್ಲಾನಿಂಗ್. ಆದರೆ ಎಂ.ಪ್ಲಾನ್ ಮಾಡಿದ ಮಾತ್ರಕ್ಕೆ ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕೋಕಾಗಲ್ಲ. ಆ ಹೆಸರು 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದವರಿಗೆ ಮಾತ್ರ.

ಪಿಯುಸಿ ಮಕ್ಕಳು ಯಾರಾದರೂ ಓದ್ತಿದ್ರೆ: ಬಿ.ಆರ್ಕ್ ಐದು ವರ್ಷ, ಆರ್ಕಿಟೆಕ್ಚರಿನ ಪ್ರವೇಶ ಪರೀಕ್ಷೆ ನಾಟಾ ಅಥವಾ ಜೆಇಇ ಮೇನ್‌ನ ಎರಡನೇ ಪೇಪರ್ ಬರೀಬೇಕು. ಬಿ.ಪ್ಲಾನ್ ನಾಲ್ಕು ವರ್ಷ. ಎರಡಕ್ಕೂ ಗಣಿತ ಬಿಡಬೇಡಿ. ಮುಂದೆ ಏನು ಬೇಕು ಅಂತ ಈಗಲೇ ಗೊತ್ತಿಲ್ಲದಿದ್ದರೆ ಬಿ.ಆರ್ಕ್ ತಗೊಳ್ಳಿ, ಅಲ್ಲಿಂದ ಮೂರೂ ಕಡೆ ಹೋಗಬಹುದು. ಬಿ.ಪ್ಲಾನ್‌ನಿಂದ ಲ್ಯಾಂಡ್‌ಸ್ಕೇಪಿಗೆ ದಾಟೋದು ಕಷ್ಟ.

ಎಲ್ಲಿ ಓದೋದು

ದೆಹಲಿ, ಭೋಪಾಲ್, ವಿಜಯವಾಡದ ಎಸ್‌ಪಿಎಗಳು (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಕೇಂದ್ರ ಸರ್ಕಾರದವು. ದೆಹಲಿಯದು ಹಳೇದು, ಉಳಿದೆರಡು 2008ರಲ್ಲಿ ಶುರುವಾದವು. ದೆಹಲಿ, ಭೋಪಾಲ್ ಎರಡರಲ್ಲೂ ಅರ್ಬನ್ ಡಿಸೈನ್, ಲ್ಯಾಂಡ್‌ಸ್ಕೇಪ್, ಪ್ಲಾನಿಂಗ್ ಮೂರೂ ಇವೆ. ಸೇರೋ ಮುಖ್ಯ ದಾರಿ ದೇಶಮಟ್ಟದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಗೇಟ್‌ನ ಆರ್ಕಿಟೆಕ್ಚರ್ ಅಂಡ್ ಪ್ಲಾನಿಂಗ್ ಪೇಪರ್. ಮೂರು ಗಂಟೆ, ನೂರು ಅಂಕ, ಸ್ಕೋರ್ ಮೂರು ವರ್ಷ ನಡೆಯುತ್ತೆ. ಬಜೆಟ್ ಬಿಗಿ ಇದ್ದರೆ ಮೊದಲು ಇದಕ್ಕೇ ಗುರಿ ಇಡಿ. ಗೇಟ್ ಸ್ಕೋರ್ ಮೇಲೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಕೊಡೋ ಪದ್ಧತಿ ಇದೆ. ಎಲ್ಲಾ ಸೀಟಿಗೂ ಇದೆಯಾ ಅಂತ ಸೇರೋ ಮೊದಲೇ ಕೇಳಿ, ಆಮೇಲೆ ಕೇಳಿ ಪ್ರಯೋಜನ ಇಲ್ಲ. ಪ್ಲಾನಿಂಗ್ ಒಂದೇ ಸಾಕು ಅನ್ನೋರು ಖರಗ್‌ಪುರ, ರೂರ್ಕಿ ಐಐಟಿಗಳನ್ನೂ ನೋಡಿ.

ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ 1962ರಲ್ಲಿ ಆರ್ಕಿಟೆಕ್ಟ್ ಬಿ.ವಿ. ದೋಶಿ ಕಟ್ಟಿ ಬೆಳೆಸಿದ ಆರ್ಕಿಟೆಕ್ಚರ್ ಶಾಲೆಯಿಂದ ಬಂದದ್ದು. ಅಲ್ಲಿನ ಒಂದು ಗುಣ ನನಗೆ ತುಂಬಾ ಇಷ್ಟ: ಸೆಮಿಸ್ಟರಿಗೊಮ್ಮೆ ಹಲವು ಸ್ಟುಡಿಯೊಗಳ ಪಟ್ಟಿ ಮುಂದಿಡ್ತಾರೆ. ಯಾರು ಕಲಿಸ್ತಾರೆ, ಯಾವ ಜಾಗ, ಯಾವ ಪ್ರಶ್ನೆ ಅಂತ ನೋಡಿ ನಿಮ್ಮ ಆಯ್ಕೆ ಬರೆದುಕೊಡಬಹುದು. ಏನು ಬೇಕು ಅಂತ ಗೊತ್ತಿರೋರಿಗೆ ಇದು ಹಬ್ಬ, ಗೊತ್ತಿಲ್ಲದವರಿಗೆ ಸಂತೆಯಲ್ಲಿ ಕೈಬಿಟ್ಟ ಹಾಗೆ. ಫೀಸು ಮಾತ್ರ ಎಸ್‌ಪಿಎಗಿಂತ ಬಹಳ ಮೇಲೆ, ಸೆಮಿಸ್ಟರಿನ ಲೆಕ್ಕವೇ ಲಕ್ಷದಲ್ಲಿ. ಸಾಲ ಮಾಡಿ ಹೋಗೋದಾದರೆ ಮುಗಿಸಿದ ಮೇಲೆ ನಾಲ್ಕೈದು ವರ್ಷ ದೊಡ್ಡ ಊರಲ್ಲೇ ದುಡೀಬೇಕು ಅಂತ ಲೆಕ್ಕ ಹಾಕಿಯೇ ಹೋಗಿ. ಅಪ್ಪನ ತೋಟ ಅಡವಿಟ್ಟು ಹೋಗೋ ಅಷ್ಟು ವ್ಯತ್ಯಾಸ ಸೆಪ್ಟ್, ಎಸ್‌ಪಿಎ ನಡುವೆ ನನಗಂತೂ ಕಂಡಿಲ್ಲ.

ಕರ್ನಾಟಕದೊಳಗೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗಿನ ಕಾಲೇಜುಗಳಿವೆ, ಗೇಟ್ ಇಲ್ಲದವರಿಗೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಇದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ಲಾನಿಂಗ್ ಕಲಿಸ್ತಾರೆ. ಲಾಭ ಏನಪ್ಪಾ ಅಂದರೆ ಇಲ್ಲಿನ ಕಾಯ್ದೆ, ಇಲ್ಲಿನ ಮಣ್ಣು, ಕನ್ನಡದಲ್ಲೇ ಸರ್ವೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್, ವಾರಕ್ಕೊಮ್ಮೆ ಬಂದು ಹೋಗ್ತೀನಿ ಅಂದುಕೊಂಡರೆ ಅದು ಸುಳ್ಳು ಆಸೆ, ಸ್ಟುಡಿಯೊ ಬಿಡಲ್ಲ. ತೊಂದರೆ ಏನು ಅಂದರೆ ಕಾಲೇಜಿಂದ ಕಾಲೇಜಿಗೆ ಅಜಗಜಾಂತರ. ಒಂದೆರಡು ಕಡೆ ಎಂ.ಆರ್ಕ್‌ಗೆ ನಾಲ್ಕೇ ಜನ ಸೇರಿದ್ದನ್ನು ನೋಡಿದ್ದೇನೆ. ಸ್ಟುಡಿಯೊದಲ್ಲಿ ಅರ್ಧ ಕಲಿಯೋದು ಪಕ್ಕದ ಟೇಬಲ್ಲಿಂದ, ನಾಲ್ಕು ಜನರಲ್ಲಿ ಎಲ್ಲಿಂದ ಬರಬೇಕು ಆ ಬಿಸಿ? ಹಾಗಾಗಿ ಕಾಲೇಜಿಗೆ ಒಂದು ಸಲ ಜ್ಯೂರಿ ದಿನವೇ ಹೋಗಿ. ಗೋಡೆ ಮೇಲಿನ ಹಾಳೆ ನೋಡಿ. ಕಳೆದ ಎರಡು ವರ್ಷ ಯಾವ ಜಾಗ ಕೊಟ್ಟಿದ್ದರು ಕೇಳಿ. ಎಲ್ಲಾ ಬೆಂಗಳೂರು, ಮುಂಬೈ ಅಂದರೆ ಯೋಚನೆ ಮಾಡಿ. ನಮ್ಮ ಥರದ ಊರುಗಳನ್ನೂ ಜಾಗ ಅಂತ ತಗೊಳ್ಳೋ ಸ್ಟುಡಿಯೊ ಸಿಕ್ಕರೆ ಬಿಡಬೇಡಿ.

ವಿದೇಶದ ಬಗ್ಗೆ ಜಾಸ್ತಿ ಬರೆಯಲ್ಲ. ದುಡ್ಡೋ ಸ್ಕಾಲರ್‌ಶಿಪ್ಪೋ ಇದ್ದರೆ ಹೋಗಿ, ಆದರೆ ಇಲ್ಲಿ ಎರಡು ವರ್ಷ ದುಡಿದು ಆಮೇಲೆ ಹೋಗಿ.

ರಸೀದಿಯಲ್ಲಿ ಕಾಣದ ಖರ್ಚು

ಪ್ಲಾಟರ್ ಪ್ರಿಂಟು. ಜ್ಯೂರಿಗೆ ಎಂಟು ದೊಡ್ಡ ಹಾಳೆ, ಅದರಲ್ಲಿ ಎರಡು ತಪ್ಪು ಅಂತ ಮತ್ತೆ ತೆಗೆಸೋದು. ಮಾಡೆಲ್ಲಿಗೆ ಬೋರ್ಡು, ಅಂಟು, ಬ್ಲೇಡು. ಗ್ರಾಫಿಕ್ಸ್ ಕಾರ್ಡ್ ಇರೋ ಲ್ಯಾಪ್‌ಟಾಪ್ ಬೇಕೇ ಬೇಕು, ಪ್ಲಾನಿಂಗಿಗೆ ಅಷ್ಟು ಭಾರದ್ದು ಬೇಡ. ಸ್ಟುಡಿಯೊ ಪ್ರವಾಸಕ್ಕೆ ರೈಲು, ಊಟ, ರೂಮು. ಈ ಲೆಕ್ಕದಲ್ಲಿ ಅರ್ಬನ್ ಡಿಸೈನ್ ಎಲ್ಲಕ್ಕಿಂತ ದುಬಾರಿ, ದೊಡ್ಡ ಮಾಡೆಲ್ ಅವರದ್ದೇ. ಪ್ಲಾನಿಂಗ್ ಅಗ್ಗ. ಲ್ಯಾಂಡ್‌ಸ್ಕೇಪ್ ನಡುವೆ, ಚಪ್ಪಲಿ ಸವೆಯೋದು ಮಾತ್ರ ಜಾಸ್ತಿ.

ವಾಪಸ್ ಬಂದರೆ

ದಾವಣಗೆರೆ 2016ರ ಜನವರಿಯಲ್ಲೇ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತರ ಪಟ್ಟಿಗೆ ಬಂತು. ಆಗ ಅರ್ಬನ್ ಡಿಸೈನ್ ಓದಿದವರಿಗೆ ಒಳ್ಳೆ ಗಾಳಿ ಬೀಸಿತ್ತು. ಆ ಯೋಜನೆ 2025ರ ಮಾರ್ಚಿಗೆ ಮುಗಿಯಿತು. ಅದನ್ನು ನಂಬಿ ಈಗ ಕೋರ್ಸ್ ಆರಿಸಬೇಡಿ. ನಮ್ಮೂರಲ್ಲಿ ಅರ್ಬನ್ ಡಿಸೈನರ್ ಬೇಕು ಅಂತ ಯಾರೂ ಬಾಗಿಲು ತಟ್ಟಲ್ಲ. ಕೆಲಸ ಬೆಂಗಳೂರಿನ ಆಫೀಸುಗಳಲ್ಲಿದೆ, ರಸ್ತೆ, ಮಾರುಕಟ್ಟೆ, ಮೆಟ್ರೋ ಸ್ಟೇಷನ್ ಸುತ್ತಮುತ್ತ. ಎಳೆದ ಗೆರೆ ನೆಲಕ್ಕಿಳಿಯೋಕೆ ಐದು ವರ್ಷ ಆಗಬಹುದು, ಇಳಿಯದೇನೂ ಇರಬಹುದು. ಆದರೂ ಮಂಡಕ್ಕಿ ಭಟ್ಟಿ ಲೇಔಟಿಗೆ ಒಂದು ಸುತ್ತು ಹಾಕಿ ಬಂದರೆ, ದುಡಿಮೆ, ಮನೆ, ಹೊಗೆ, ಮಕ್ಕಳ ಆಟ ಎಲ್ಲಾ ಒಂದೇ ಬೀದೀಲಿ ಇರೋದನ್ನು ಬಿಡಿಸೋಕೆ ಅರ್ಬನ್ ಡಿಸೈನ್ ಬಿಟ್ಟು ಬೇರೆ ಯಾವ ಓದು ಇದೆ ಅಂತ ಅನ್ನಿಸುತ್ತೆ. ಬೇಕು ಅನ್ನೋದು ಬೇರೆ, ಬೇಕು ಅಂತ ದುಡ್ಡು ಕೊಡೋದು ಬೇರೆ.

ಪ್ಲಾನಿಂಗ್ ಮಾಡಿದವರಿಗೆ ನಮ್ಮ ಕಡೆ ಕಚೇರಿಗಳಾದರೂ ಇವೆ: ದೂಡಾ (ದಾವಣಗೆರೆಯ ನಗರಾಭಿವೃದ್ಧಿ ಪ್ರಾಧಿಕಾರ), ದುರ್ಗದ ಪ್ರಾಧಿಕಾರ, ನಗರ ಯೋಜನಾ ಇಲಾಖೆ. ಸರ್ಕಾರಿ ಹುದ್ದೆ ಕನಸಿದ್ದರೆ ಇದೇ ದಾರಿ. ಕರೆಯೋದು ಯಾವಾಗ ಅನ್ನೋದು ಮಾತ್ರ ದೇವರಿಗೇ ಗೊತ್ತು. ಅದಕ್ಕಾಗಿ ಮಧ್ಯದಲ್ಲಿ ಕನ್ಸಲ್ಟೆನ್ಸಿ ಕೆಲಸಕ್ಕೆ ತಯಾರಿರಬೇಕು.

ಲ್ಯಾಂಡ್‌ಸ್ಕೇಪಿನಲ್ಲಿ ಸಣ್ಣ ಕೆಲಸ ಬೇಗ ಸಿಗುತ್ತೆ. ಕಲ್ಯಾಣ ಮಂಟಪದ ಅಂಗಳ, ಶಾಲೆ, ಕಾಲೇಜು ಕ್ಯಾಂಪಸ್, ಹೊಸ ಲೇಔಟಿನ ಪಾರ್ಕು, ತೋಟದ ಮನೆ. ಒಂದು ಮಳೆಗಾಲದಲ್ಲಿ ಕಣ್ಣಿಗೆ ಕಾಣುತ್ತೆ. ದುಡ್ಡು ಕೊಡೋವಾಗ "ಗಿಡಕ್ಕೆ ಡಿಸೈನ್ ಫೀಸಾ?" ಅಂತಾರೆ, ಅಭ್ಯಾಸ ಆಗುತ್ತೆ. ನಾನು ಬೆಂಗಳೂರಿನ ಎರಡು ಕೆಲಸದ ದುಡ್ಡಲ್ಲಿ ದಾವಣಗೆರೆಯ ಐದು ಕೆಲಸ ನಡೆಸ್ತೀನಿ, ಇದು ಗುಟ್ಟೇನಲ್ಲ.

ಇನ್ನೂ ತೀರ್ಮಾನ ಆಗದಿದ್ರೆ

ಫೀಸು ಕಟ್ಟೋ ಮೊದಲು ಒಂದು ಭಾನುವಾರ ಖರ್ಚು ಮಾಡಿ. ಸಂತೆ ಹೊಂಡಕ್ಕೋ, ಕುಂದುವಾಡ ಕೆರೆಗೋ, ನಿಮ್ಮೂರಿನ ಬಸ್‌ಸ್ಟ್ಯಾಂಡಿಗೋ ಹೋಗಿ ಎರಡು ಗಂಟೆ ಕೂತು, ಫೋನ್ ಒಳಗಿಟ್ಟು, ಕಂಡದ್ದನ್ನು ಗೀಚಿ. ಆಮೇಲೆ ಹಾಳೆ ನೋಡಿಕೊಳ್ಳಿ. ಜನ, ಬಾಗಿಲು, ನೆರಳಲ್ಲಿ ನಿಂತವರು ತುಂಬಿದ್ದರೆ ಅರ್ಬನ್ ಡಿಸೈನ್. ಇಳಿಜಾರು, ನೀರು ಹರಿದ ಗುರುತು, ಮರದ ಬುಡ ಇದ್ದರೆ ಲ್ಯಾಂಡ್‌ಸ್ಕೇಪ್. ಚಿತ್ರಕ್ಕಿಂತ ಬರಹ ಜಾಸ್ತಿ ಇದ್ದು, "ಇದಕ್ಕೆ ಯಾರು ಜವಾಬ್ದಾರಿ" ಅಂತ ಎಲ್ಲೋ ಬರೆದಿದ್ದರೆ ಪ್ಲಾನಿಂಗ್. ಹೊಳಲ್ಕೆರೆ ಹುಡುಗಿ ಮಾಡಿ ಕಳಿಸಿದಳು, ಒಬ್ಬ ಮನುಷ್ಯನೂ ಇರಲಿಲ್ಲ, ಬರೀ ಮೆಟ್ಟಿಲು, ಪಾಚಿ, ನೀರಿನ ಗೆರೆ. ಅವಳು ಲ್ಯಾಂಡ್‌ಸ್ಕೇಪಿಗೆ ಅರ್ಜಿ ಹಾಕ್ತಾಳೆ, ಗೇಟ್ ಬರೆದು ಎಸ್‌ಪಿಎಗೆ. ಯಜಮಾನರ ಮಗಳು ಇನ್ನೂ ಹಾಳೆ ಕಳಿಸಿಲ್ಲ. ಯಜಮಾನರೇ ಎರಡು ಸಲ ಫೋನ್ ಮಾಡಿ ಎಂಥ ಪೆನ್ಸಿಲ್ ತರಬೇಕು ಅಂತ ಕೇಳಿದರು. ಸಿವಿಲ್ ಹುಡುಗ ದಿಶಾಂಕ್ ಆ್ಯಪಲ್ಲಿ ಸರ್ವೆ ನಂಬರ್ ತೆಗೆದು ಕೆರೆ ಅಂಗಳದ ಪಕ್ಕ ಪೆನ್ನಲ್ಲಿ ಬರೆದು ಕಳಿಸಿದ್ದಾನೆ, ಪೂರ್ತಿ ಪ್ಲಾನಿಂಗ್ ಗಿರಾಕಿ.

ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ತೆರೆಯುತ್ತೆ, ಪರೀಕ್ಷೆ ಫೆಬ್ರವರಿಯಲ್ಲಿ. ಈಗಿಂದಲೇ ಪೋರ್ಟ್‌ಫೋಲಿಯೊ (ನೀವು ಮಾಡಿದ ಕೆಲಸಗಳ ಕಟ್ಟು) ಕೂಡಿಸಿಡಿ, ಕಂಪ್ಯೂಟರಲ್ಲಿ ತೆಗೆದ ಚೆಂದದ ರೆಂಡರ್‌ಗಿಂತ ಕೈಯಲ್ಲಿ ಗೀಚಿದ ಎರಡು ಹಾಳೆ ಮುಂದೆ ಹಾಕಿ. ಆಧಾರ್‌ನಲ್ಲಿರೋ ಹೆಸರು, ಹತ್ತನೇ ಕ್ಲಾಸಿನ ಅಂಕಪಟ್ಟಿಯ ಹೆಸರು ಒಂದೇ ಇದೆಯಾ ನೋಡಿಕೊಳ್ಳಿ, ನಮ್ಮ ಕಡೆ ಇನಿಷಿಯಲ್ ಹಿಂದೆ ಮುಂದೆ ಆಗಿರೋದೇ ಜಾಸ್ತಿ, ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತೆ.